ಕುಂಟುವ ಮೇಜನ್ನು ನಿಲ್ಲಿಸಿದವನು

ಚಕ್ಕೆ ತೀರಿಕೊಂಡು ನಲವತ್ತು ದಿನವಾಯಿತು. ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಮರಣ ಪ್ರಮಾಣಪತ್ರದ ಮೇಲೆ ಆ ಹೆಸರು ಕಂಡಾಗ, ಇದು ಬೇರೆ ಯಾರದೋ ಕಾಗದ, ತಪ್ಪಿ ನಮ್ಮ ಕೈಗೆ ಬಂದಿದೆ ಎಂದು ನನಗೆ ಒಂದು ಕ್ಷಣ ಆಸೆಯಾಯಿತು. ಬೀದಿಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಚಕ್ಕೆಯೇ.

ಅವನು ಬಡಗಿ. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವನು ತೆಳ್ಳಗೆ ಸೀಳಿದ ಮರದ ಚಕ್ಕೆಗಳನ್ನು ಇಟ್ಟುಕೊಳ್ಳುತ್ತಿದ್ದ. ಎಲ್ಲಿ ಮೇಜು ಕುಂಟಿದರೂ, ಎಲ್ಲಿ ಕುರ್ಚಿ ಅಲ್ಲಾಡಿದರೂ ಮಾತನ್ನು ಅರ್ಧಕ್ಕೆ ಬಿಟ್ಟು ಮಂಡಿಯೂರಿ ಕಾಲಿನ ಕೆಳಗೆ ಒಂದು ಚಕ್ಕೆ ತೂರಿಸುತ್ತಿದ್ದ. ಚಹದ ಅಂಗಡಿಯಲ್ಲಿ ಮಾಡಿದ್ದಾನೆ, ಹಲ್ಲಿನ ಡಾಕ್ಟರ ಬಳಿ ಮಾಡಿದ್ದಾನೆ. ಮಗಳ ಶಾಲೆಯ ಮುಖ್ಯೋಪಾಧ್ಯಾಯರು "ನಿಮ್ಮ ಮಗಳು ಗಣಿತದಲ್ಲಿ..." ಎನ್ನುತ್ತಿರುವಾಗಲೇ ಅವರ ಮೇಜಿನ ಅಡಿಗೆ ಹೋಗಿ, ಅಲ್ಲಿಂದಲೇ "ಹೇಳಿ ಸಾರ್, ಕೇಳಿಸ್ತಿದೆ" ಎಂದಿದ್ದಾನೆ. ತನ್ನ ಮದುವೆಯ ನೋಂದಣಿಯ ದಿನ ಗುಮಾಸ್ತರ ಮೇಜು ಕುಂಟುತ್ತಿತ್ತಂತೆ. "ಗಂಡ ಅಂತ ನಾನು ಮೊದಲು ನೋಡಿದ್ದು ಅವರ ಬೆನ್ನನ್ನ" ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ.

ಆದರೆ ಚಕ್ಕೆಯಿಡುವುದು ಅವನಿಗೆ ಕೊನೆಯ ಉಪಾಯ. ಮೊದಲು ಮೇಜನ್ನು ಒಂದು ಬೆರಳಗಲ ಸರಿಸಿ ನೋಡುತ್ತಿದ್ದ. "ಮೇಜು ಕುಂಟಿದ್ರೆ ಎಲ್ರೂ ಮೇಜಿಗೇ ಬೈತಾರೆ ಪಂಡಿತ. ನೂರಕ್ಕೆ ಎಂಬತ್ತು ಸಲ ತಪ್ಪು ನೆಲದ್ದು."

ಪಂಡಿತ ಅಂದರೆ ನಾನು. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು. ನಾನು ಓದುತ್ತೇನೆ ಎಂಬುದು ಅವನಿಗೆ ಹೆಮ್ಮೆಯೂ ಹೌದು, ಹಾಸ್ಯಕ್ಕೆ ಸರಕೂ ಹೌದು. ಇನ್ನೊಂದು ಸರಕು ನನ್ನ ದೇಹದ ಭಾರ. ನನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಅವನು ಒಂದು ಕುರ್ಚಿ ಮಾಡಿಕೊಟ್ಟ. ಅದಕ್ಕೆ ಐದು ಕಾಲು. ಐದನೆಯದು ನಟ್ಟನಡುವೆ. "ನಾಲ್ಕು ಕಾಲು ಮನುಷ್ಯರಿಗೆ" ಎಂದ. ಇದನ್ನು ಬರೆಯುತ್ತಿರುವುದು ಅದರ ಮೇಲೆ ಕುಳಿತೇ.

ಅವನ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರು ಅವನ ಮನೆಯವರು. ಮ್ಯೂಸಿಯಮ್ಮಿನ ಕಥೆ ನಾಲ್ಕು ಸಾಲಿಗೆ ಹಿಡಿಸುವುದಿಲ್ಲ. ಅದನ್ನು ಬಿಟ್ಟರೆ ಅವನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಅವನ ಮಗಳಿಗೆ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಕೋಣೆ ಕಾಯುವ ಕೆಲಸ ಸಿಕ್ಕಿತು. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಅಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಏನಾದರೂ ಎಡವಟ್ಟಾದರೆ ಸಮಯ, ಸಂಗತಿ, ಕಾರಣ ಎಂದು ಮೂರು ಕಾಲಮ್ಮಿನಲ್ಲಿ ಬರೆಯುತ್ತಾರೆ. ಮೂರನೇ ಕಾಲಮ್ಮಿನಲ್ಲಿ ಎರಡು ಸಲ ನಿಮ್ಮ ಹೆಸರು ಬಂತೋ, ಮನೆಗೆ ಹೋಗಬಹುದು. ಅವಳದು ಆಗಲೇ ಒಂದು ಸಲ ಬಂದಾಗಿತ್ತು. ಎರಡನೇ ವಾರದಲ್ಲಿ ಒಬ್ಬ ಅಜ್ಜಿ ಕಲಾಕೃತಿಯಾಗಿದ್ದ ಕುರ್ಚಿಯ ಮೇಲೆ ಕೂತು ಚಪ್ಪಲಿಯೊಳಗಿನ ಕಲ್ಲು ತೆಗೆದುಕೊಂಡಿದ್ದಳು.

"ಇನ್ನು ಹನ್ನೊಂದು ದಿನ ಇದೆ ಅಪ್ಪ. ಅದು ಮುಗೀಲಿ, ಆಮೇಲೆ ಬಾ" ಎಂದಳು ಮಗಳು.

"ಹನ್ನೊಂದು ದಿನ ಆದ್ಮೇಲೆ ನಿನ್ನನ್ನ ಬೇರೆ ಕೋಣೆಗೆ ಹಾಕ್ತಾರೆ. ನೀನು ಈಗ ನಿಲ್ಲೋ ಜಾಗ ನಾನು ನೋಡ್ಬೇಕು."

"ನೋಡಿ ಏನ್ ಮಾಡ್ತೀಯ?"

"ನೋಡ್ತೀನಿ."

ಈ ಮಾತು ನಡೆದಾಗ ನಾನೂ ಅಲ್ಲಿದ್ದೆ. ಅಪ್ಪನ ಹಟ ಮಗಳಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಷರತ್ತು ಹಾಕಿದಳು. ಏನನ್ನೂ ಮುಟ್ಟುವಂತಿಲ್ಲ. ನೆಲದ ಮೇಲಿನ ಬಿಳಿ ಗೆರೆ ದಾಟುವಂತಿಲ್ಲ. ಕೆಲಸದ ವೇಳೆ ನೆಂಟರ ಜೊತೆ ಮಾತು ನಿಷಿದ್ಧವಾದ್ದರಿಂದ ತನ್ನನ್ನು ಗುರುತು ಹಿಡಿದ ಹಾಗೆ ಮುಖ ಮಾಡುವಂತಿಲ್ಲ. ಆಮೇಲೆ ಕೈ ಚಾಚಿದಳು. "ಜೇಬು."

ಅವನು ಹನ್ನೆರಡು ಚಕ್ಕೆಗಳನ್ನು ಒಂದೊಂದಾಗಿ ಎಣಿಸಿ ಅವಳ ಅಂಗೈಗೆ ಹಾಕಿದ. ಕೈದಿ ಜೈಲಿನ ಬಾಗಿಲಲ್ಲಿ ಉಂಗುರ ಬಿಚ್ಚಿಕೊಟ್ಟ ಹಾಗಿತ್ತು ಮುಖ.

"ಮಾಮ, ಇವರನ್ನ ನೋಡ್ಕೊಳ್ಳಿ" ಎಂದಳು ನನಗೆ.

"ನಾನಿದ್ದೀನಲ್ಲ" ಎಂದೆ. ಜೀವನದಲ್ಲಿ ನಾನು ಆಡಿದ ಪೊಳ್ಳು ಮಾತುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಆ ಬೆಳಿಗ್ಗೆಯೇ, ಅವಳು ಕೆಲಸಕ್ಕೆ ಹೋದ ಮೇಲೆ, ನಾವೂ ಹೋದೆವು. ಇಬ್ಬರಿಗೂ ಅದು ಮೊದಲ ಸಲ. ನಾನು ಇಂಥ ಕಲೆಯ ಬಗ್ಗೆ ಪುಸ್ತಕ ಓದಿದ್ದೆ, ಜಾಗಕ್ಕೆ ಕಾಲಿಟ್ಟಿರಲಿಲ್ಲ. ಒಳಗೆ ಗೋಡೆಗಳೆಲ್ಲ ಬಿಳಿ, ನೆಲ ಹಳೆಯ ಮರದ ಹಲಗೆಯದು. ಚಕ್ಕೆ ಮೂರು ಹೆಜ್ಜೆ ಇಟ್ಟು ನಿಂತ. "ಹಲಗೆ ಒಳ್ಳೇದು. ಕೂರಿಸಿದವನು ಆತುರಗಾರ."

ಮೊದಲ ಕೋಣೆಯಲ್ಲಿ ಒಂದು ಬೆಂಚಿತ್ತು. ಕೂರಬಹುದೋ ನೋಡಬೇಕೋ ಎಂದು ತಿಳಿಯದೆ ಇಬ್ಬರೂ ಅದರ ಎದುರು ಸ್ವಲ್ಪ ಹೊತ್ತು ಗೌರವದಿಂದ ನಿಂತೆವು. ಒಬ್ಬಾಕೆ ಬಂದು ಅದರ ಮೇಲೆ ಚೀಲ ಇಟ್ಟು ಮೂಗು ಒರೆಸಿಕೊಂಡ ಮೇಲೆ ನಾವೂ ಕೂತೆವು.

ಚಿತ್ರಗಳ ಮುಂದೆ ಅವನು ನಿಧಾನವಾಗಿ ಹೋದ. ಪ್ರತಿಯೊಂದರ ಹತ್ತಿರವೂ ಬಗ್ಗಿ, ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದ. ನನಗೆ ಸಂತೋಷವಾಯಿತು. ಇವನಿಗೂ ಕಲೆ ಒಲಿಯಿತು ಎಂದುಕೊಂಡೆ.

"ಹೇಗಿದೆ?" ಎಂದೆ.

"ಮೂಲೆ ಜೋಡಿಸಿರೋದು ನೋಡು. ಕೂದಲು ತೂರಲ್ಲ."

ಅವನು ನೋಡುತ್ತಿದ್ದುದು ಚೌಕಟ್ಟನ್ನು.

"ಒಳಗಿನ ಚಿತ್ರ?"

"ಒಳಗೂ ಏನೋ ಇದೆ" ಎಂದ, ಮುಂದಿನ ಚೌಕಟ್ಟಿಗೆ ಹೋಗುತ್ತ.

ಇವನಿಗೆ ಸ್ವಲ್ಪ ವಿವರಿಸಬೇಕು ಎನಿಸಿತು. ಎರಡನೇ ಕೋಣೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇತ್ತು. ಗಾಜಿನ ಹಿಂದೆ ಒಂದು ಉರುಳೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಿರುಗುತ್ತಿತ್ತು. ಅದಕ್ಕೆ ತಾಗಿದ ಮುಳ್ಳು ಕಾಗದದ ಮೇಲೆ ಸಣ್ಣ ಗೆರೆ ಎಳೆಯುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಕಾಲ ತನ್ನ ಆತ್ಮಕಥೆಯನ್ನು ತಾನೇ ಬರೆದುಕೊಳ್ಳುತ್ತಿದೆ, ನಾವು ಬದುಕಿದ್ದೂ ಇಂಥದೇ ಒಂದು ನಡುಗುವ ಗೆರೆ, ಕಲಾವಿದ ತನ್ನ ಹೆಸರನ್ನೂ ಹಾಕದೆ ಹಿಂದೆ ಸರಿದಿರುವುದರಲ್ಲೇ ಇದರ ಹಿರಿಮೆ ಇದೆ ಎಂದು ಹತ್ತು ನಿಮಿಷ ಹೇಳಿದೆ. ಬೇರೆ ಇಬ್ಬರು ನಿಂತು ಕೇಳಿದರು. ಅವರಲ್ಲಿ ಒಬ್ಬರು ಬರೆದುಕೊಂಡರು.

ಚಕ್ಕೆ ಅವರು ಹೋಗುವವರೆಗೂ ತಾಳ್ಮೆಯಿಂದ ಕಾದ. "ಪಂಡಿತ, ಅದು ಗಾಳೀಲಿ ತೇವ ಎಷ್ಟಿದೆ ಅಂತ ಅಳೆಯೋದು. ಮರ ಮಾರೋ ಮಂಡೀಲೂ ಒಂದಿದೆ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಚೆನ್ನಾಗಿ ಹೇಳ್ತಿದ್ದೆ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಮೂರನೆಯದು ಅವನ ಮಗಳ ಕೋಣೆ. ನೀಲಿ ಕೋಟು ಹಾಕಿ, ಕೈ ಹಿಂದೆ ಕಟ್ಟಿ, ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದಳು. ಇವನು ಷರತ್ತಿನ ಪ್ರಕಾರ ಅವಳನ್ನು ನೋಡದೆ ಹಾದುಹೋಗಲು ಎಷ್ಟು ಪ್ರಯತ್ನಪಟ್ಟನೆಂದರೆ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡ. ಕೋಣೆಯ ನಡುವೆ ಒಂದು ಹಳೆಯ ಮೇಜು. ಅದರ ಮೇಲೆ ಒತ್ತೊತ್ತಾಗಿ ಗಾಜಿನ ಲೋಟಗಳು. ಯಾರಾದರೂ ನಡೆದರೆ ಹಲಗೆ ಅದುರಿ ಮೇಜು ಕುಂಟುತ್ತಿತ್ತು, ಲೋಟಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಗೋಡೆಯ ಚೀಟಿಯಲ್ಲಿ ಬರೆದಿತ್ತು: "ಶೀರ್ಷಿಕೆ ಇಲ್ಲ. ಮರ, ಗಾಜು, ನಡಿಗೆ."

ಚಕ್ಕೆಯ ಕೈ ಖಾಲಿ ಜೇಬಿಗೆ ಹೋಯಿತು.

"ಬೇಡ" ಎಂದೆ.

"ನಾನೇನೂ ಅನ್ಲಿಲ್ಲ."

"ಅದು ಹಾಗೇ ಇರ್ಬೇಕು. ಅದೇ ಕಲೆ."

"ಕುಂಟೋದಾ?"

"ಕುಂಟೋದೇ."

ಅವನು ನನ್ನನ್ನು ನೋಡಿದ ನೋಟದಲ್ಲಿ ತೇವದ ಪೆಟ್ಟಿಗೆಯ ನೆನಪು ಸ್ಪಷ್ಟವಾಗಿತ್ತು. ಅರ್ಧ ಗಂಟೆ ಮೊದಲು ತೇವಮಾಪಕಕ್ಕೆ ಉಪನ್ಯಾಸ ಕೊಟ್ಟವನ ಮಾತನ್ನು ಯಾರು ನಂಬುತ್ತಾರೆ? ಅವನ ಲೆಕ್ಕದಲ್ಲಿ ಮಗಳ ಸುಪರ್ದಿನಲ್ಲಿರುವ ಮೇಜು ಕುಂಟುತ್ತಿದೆ. ಒಂದು ಲೋಟ ಅಂಚಿಗೆ ಬಂದಿದೆ. ಬಿದ್ದರೆ ಮೂರನೇ ಕಾಲಮ್ಮಿನಲ್ಲಿ ಅವಳ ಹೆಸರು. ಇದೆಲ್ಲ ಅವನು ಆಮೇಲೆ ಹೇಳಿದ್ದು. ಆಗ ಹೇಳಿದ್ದು ಇಷ್ಟೇ: "ಕನ್ನಡಕ ಹಾಕ್ಕೊಂಡು ನೋಡ್ತೀನಿ."

ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಾರೋ ದಾರಿ ಕೇಳಿದರು, ಮಗಳು ಅಲ್ಲಿಗೆ ಹೋದಳು. ಚೀಟಿಯ ಸಣ್ಣ ಅಕ್ಷರದಲ್ಲಿ ತಪ್ಪೊಂದು ಕಂಡು ನಾನು ಅತ್ತ ಬಗ್ಗಿದೆ. ರೂಢಿ. ತಿರುಗಿದಾಗ ಚಕ್ಕೆ ಬಿಳಿ ಗೆರೆಯ ಈಚೆ ಉದ್ದಕ್ಕೆ ಮಲಗಿದ್ದ, ಕೈ ಮಾತ್ರ ಗೆರೆಯಾಚೆ ಮೇಜಿನ ಕಾಲಿನ ಬಳಿ ಇತ್ತು. ಪಕ್ಕದಲ್ಲಿ ಕನ್ನಡಕದ ಡಬ್ಬಿ ತೆರೆದು ಬಿದ್ದಿತ್ತು. ಅದರೊಳಗೆ ಮೂರು ಚಕ್ಕೆ. ಕನ್ನಡಕ ಮನೆಯಲ್ಲೇ ಇತ್ತು.

"ಆಯ್ತು" ಎಂದು ಎದ್ದು ಮಂಡಿ ಕೊಡವಿಕೊಂಡ. "ಗೆರೆ ದಾಟಿಲ್ಲ, ನೋಡು."

ಕೋಣೆ ನಿಶ್ಶಬ್ದವಾಯಿತು. ಜನ ನಡೆದರು, ಟಿಣ್ ಇಲ್ಲ. ಅಷ್ಟು ದೃಢವಾಗಿ ನಿಂತ ಮೇಜನ್ನು ನಾನು ಕಂಡಿಲ್ಲ. ಎರಡು ತಿಂಗಳಿಂದ ಆ ಸದ್ದಿನಲ್ಲೇ ದಿನ ಕಳೆದಿದ್ದ ಮಗಳಿಗೆ ಪಕ್ಕದ ಕೋಣೆಯಲ್ಲೇ ಅದು ನಿಂತದ್ದು ಗೊತ್ತಾಯಿತು. ಬಾಗಿಲಿಗೆ ಬಂದಳು. ಮೇಜನ್ನು ನೋಡಿದಳು. ಅಪ್ಪನ ಮಂಡಿಯ ದೂಳು ನೋಡಿದಳು. ಅವಳ ಬೆನ್ನ ಹಿಂದೆಯೇ ಮೇಲ್ವಿಚಾರಕಿ ಬಂದರು. ಸೊಂಟಕ್ಕೆ ಕೀಲಿಗೊಂಚಲು, ಕಂಕುಳಲ್ಲಿ ರಿಜಿಸ್ಟರ್.

"ಯಾಕೆ ಸದ್ದಿಲ್ಲ? ಯಾರು ಮುಟ್ಟಿದ್ದು?"

ಮಗಳು ಬಾಯಿ ತೆರೆಯುವ ಮೊದಲೇ ಚಕ್ಕೆ ಮುಂದೆ ಬಂದ. "ನಾನು ಅಮ್ಮಾ. ಈ ಹುಡುಗೀದು ಏನೂ ತಪ್ಪಿಲ್ಲ. ಅವಳು ಆ ಕೋಣೇಲಿದ್ಲು. ಅವಳು ಯಾರು ಅಂತಾನೇ ನನಗೆ ಗೊತ್ತಿಲ್ಲ."

ಮೇಲ್ವಿಚಾರಕಿ ಅವನ ಮೂಗು ನೋಡಿದರು. ಅವಳ ಮೂಗು ನೋಡಿದರು. ಎರಡೂ ಉದ್ದ, ಎರಡೂ ತುದಿಯಲ್ಲಿ ಎಡಕ್ಕೆ ತಿರುಗಿದವು, ಒಂದೇ ಅಳತೆಪಟ್ಟಿ ಹಿಡಿದು ಕೊರೆದ ಹಾಗೆ. "ಗೊತ್ತಿಲ್ವಾ?"

"ಇಲ್ಲ. ಬೇಕಾದ್ರೆ ಇವನನ್ನ ಕೇಳಿ, ಓದಿದವನು."

ಎಲ್ಲರೂ ನನ್ನತ್ತ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, "ಹೌದು ಮೇಡಂ. ಈ ಮಗು ಹುಟ್ಟಿದಾಗಿನಿಂದ ನಾವು ನೋಡೇ ಇಲ್ಲ" ಎಂದೆ.

ಚಕ್ಕೆ ಕಣ್ಣು ಮುಚ್ಚಿಕೊಂಡ.

"ಮೇಡಂ, ಇವರು ನಮ್ಮಪ್ಪ" ಎಂದಳು ಮಗಳು. "ಬಡಗಿ. ಕುಂಟೋ ಮೇಜು ಕಂಡ್ರೆ ತಡೆಯೋಕಾಗಲ್ಲ ಅವರಿಗೆ. ನನಗೆ ಗೊತ್ತಿತ್ತು. ಜೇಬು ಖಾಲಿ ಮಾಡಿಸಿದ್ದೆ. ಕನ್ನಡಕದ ಡಬ್ಬಿ ನೋಡ್ಲಿಲ್ಲ. ಅದು ನನ್ನ ತಪ್ಪು."

ಮಗಳನ್ನು ಉಳಿಸಲು ಮಗಳೇ ಅಲ್ಲ ಎಂದವನು ಈಗ ಡಬ್ಬಿಯನ್ನು ಮುಚ್ಚಿ, ತೆರೆದು, ಮುಚ್ಚಿದ. ಮೇಲ್ವಿಚಾರಕಿ ರಿಜಿಸ್ಟರ್ ಬಿಚ್ಚಿದರು. ಸಮಯ: ಹನ್ನೊಂದು ನಲವತ್ತು. ಸಂಗತಿ: ಮೇಜು ಅಲ್ಲಾಡುವುದು ನಿಂತಿದೆ. ಮೂರನೇ ಕಾಲಮ್ಮಿಗೆ ಬಂದಾಗ ಪೆನ್ನು ಎತ್ತಿದರು. "ಕಲಾವಿದೆ ಬರ್ಲಿ. ಅವರನ್ನ ಬಿಟ್ಟು ಯಾರೂ ಅದನ್ನ ಮುಟ್ಟೋ ಹಾಗಿಲ್ಲ."

ಒಂದೂವರೆ ಗಂಟೆ ಮೊದಲ ಕೋಣೆಯ ಆ ಬೆಂಚಿನ ಮೇಲೆ ಕೂತೆವು. ಬೆಂಚು ಸ್ವಲ್ಪ ಅಲ್ಲಾಡುತ್ತಿತ್ತು. ಅವನು ಬಗ್ಗಲಿಲ್ಲ. ಅವನಿಗೆ ಎಷ್ಟು ಸಂಕಟವಾಗಿದೆ ಎಂದು ನನಗೆ ತಿಳಿದದ್ದು ಆಗ.

ಕಲಾವಿದೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಓಡಿಬಂದರು. ಸಣಕಲು ಹೆಂಗಸು, ಕೆದರಿದ ಕೂದಲು. ಬಂದವರೇ ಮೇಜಿನ ಕೆಳಗೆ ನುಗ್ಗಿ ಮರದ ಚಕ್ಕೆಯನ್ನು ಎಳೆದು ತೆಗೆದರು. "ಈ ಕುಂಟು ಸಿಗೋಕೆ ನನಗೆ ಎರಡು ವರ್ಷ ಹಿಡೀತು, ಗೊತ್ತಾ?"

"ಎರಡು ವರ್ಷಾನಾ?" ಚಕ್ಕೆಗೆ ನಿಜವಾಗಿ ಆಶ್ಚರ್ಯವಾಯಿತು. "ನಮ್ಮಲ್ಲಿ ಕೆಲವರು ಒಂದೇ ದಿನದಲ್ಲಿ ಮಾಡ್ತಾರೆ."

ಎಲ್ಲರೂ ಕೋಣೆಯಲ್ಲಿ ನಡೆದು ನೋಡಿದೆವು. ಮೇಜು ಕಲ್ಲಿನ ಹಾಗೆ ನಿಂತಿತ್ತು. ಕಲಾವಿದೆ ಜೋರಾಗಿ ಹೆಜ್ಜೆ ಹಾಕಿದರು. ಮೇಲ್ವಿಚಾರಕಿ ಕೀಲಿಗೊಂಚಲು ಹಿಡಿದು ಒಮ್ಮೆ ಕುಪ್ಪಳಿಸಿದರು. ಏನೂ ಇಲ್ಲ. ಕಲಾವಿದೆಯ ಕಣ್ಣಲ್ಲಿ ನೀರು ಬಂತು.

"ಚಕ್ಕೆ ಇಡೋ ಮೊದಲು ಒಂದು ಬೆರಳು ಸರಿಸಿದ್ದೆ" ಎಂದ ಚಕ್ಕೆ ಮೆಲ್ಲಗೆ. "ಯಾವಾಗ್ಲೂ ಹಾಗೇ ಮಾಡೋದು. ನನಗೆ ಬಿಡ್ತೀರಾ ಅಮ್ಮಾ? ನಿಲ್ಲಿಸಿದವನು ನಾನು, ಕುಂಟಿಸೋದೂ ನಾನೇ ಮಾಡ್ಬೇಕು. ನಲವತ್ತು ವರ್ಷದಲ್ಲಿ ಯಾರೂ ಕೇಳಿಲ್ಲ, ಆದ್ರೆ ಆಗುತ್ತೆ."

ಕಲಾವಿದೆ ಮೇಲ್ವಿಚಾರಕಿಯನ್ನು ನೋಡಿದರು. ಮೇಲ್ವಿಚಾರಕಿ ಛಾವಣಿ ನೋಡಿದರು. ಅದನ್ನು ಅವನು ಒಪ್ಪಿಗೆ ಎಂದುಕೊಂಡ.

ಎಲ್ಲರನ್ನೂ ಗೋಡೆಗೆ ನಿಲ್ಲಿಸಿದ. ನನ್ನನ್ನು ಮಾತ್ರ ಬಾಗಿಲಾಚೆ ಕಳಿಸಿದ. "ನೀನು ಹೊರಗೆ ಹೋಗು ಪಂಡಿತ. ನೀನು ಈ ಹಲಗೆ ಮೇಲಿದ್ರೆ ಭೂಕಂಪ ಬಂದ್ರೂ ಇದು ಅಲ್ಲಾಡಲ್ಲ." ಆಮೇಲೆ ಮಂಡಿಯೂರಿ, ಅಂಗೈಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು, ಜ್ವರ ನೋಡುವವನ ಹಾಗೆ ಹಲಗೆಯಿಂದ ಹಲಗೆಗೆ ಸರಿದ. ಒಂದು ಕಡೆ ನಿಂತ. ಮೇಜಿನ ಕಾಲನ್ನು ಎರಡು ಬೆರಳಿಂದ ಕೂದಲೆಳೆಯಷ್ಟು ಸರಿಸಿದ. ಕಿವಿಗೊಟ್ಟ. ಮತ್ತೆ ಸರಿಸಿದ.

"ಈಗ ನೀನು ನಡಿ" ಎಂದ ಮಗಳಿಗೆ.

ಅವಳು ಗೋಡೆಯಿಂದ ಗೋಡೆಗೆ ನಡೆದಳು. ಟಿಣ್. ಟಿಣ್ ಟಿಣ್. ಕಲಾವಿದೆ ಬಾಯಿಗೆ ಕೈ ಅಡ್ಡ ಹಿಡಿದರು. "ಇದು... ಮೊದಲಿಗಿಂತ ಚೆನ್ನಾಗಿದೆ."

ಮೇಲ್ವಿಚಾರಕಿ ಗಡಿಯಾರ ನೋಡಿ ರಿಜಿಸ್ಟರ್ ತೆರೆದರು. ಪೆನ್ನು ಮೂರನೇ ಕಾಲಮ್ಮಿನ ಮೇಲೆ ನಿಂತಿತು. ಚಕ್ಕೆ ನೆಲದ ಮೇಲೆ ಕೂತೇ ಹೇಳಿದ: "ಬಡಗಿ ಅಂತ ಬರೀರಿ ಅಮ್ಮಾ. ಅವಳ ಹೆಸರು ಬೇಡ. ನಿಜ ಕೇಳಿದ್ರೆ ನನ್ನದೂ ಅಲ್ಲ. ಈ ಹಲಗೆ ಸಡಿಲ ಇದೆ. ಇದು ನೆಟ್ಟಗಿದ್ದಿದ್ರೆ ಮೇಜೂ ಕುಂಟ್ತಿರ್ಲಿಲ್ಲ, ನಾನೂ ಬಗ್ತಿರ್ಲಿಲ್ಲ. ಎಲ್ರೂ ಮೇಲೆ ನಿಂತಿರೋದಕ್ಕೇ ಬೈತಾರೆ."

ಆಕೆ ಮುಂದೆ ಬಂದು ಆ ಹಲಗೆಯ ಮೇಲೆ ಕಾಲಿಟ್ಟು ಒತ್ತಿದರು. ಲೋಟಗಳು ಟಿಣ್ ಎಂದವು. ಕಾಲು ತೆಗೆದರು, ಇಟ್ಟರು. ಟಿಣ್. ಬಾಗಿಲಲ್ಲಿದ್ದ ನನಗೆ ಅವರು ಬರೆದದ್ದು ಕಾಣಲಿಲ್ಲ. ಅವರು ಹೋದ ಮೇಲೆ ಮಗಳು ಬಂದು ಪಿಸುಗುಟ್ಟಿದಳು: "ಮಾಮ, ಕಾರಣ ಅನ್ನೋ ಕಡೆ 'ನೆಲ' ಅಂತ ಬರೆದಿದ್ದಾರೆ."

ಹನ್ನೊಂದು ದಿನದ ನಂತರ ಕೆಲಸ ಖಾಯಂ ಆಯಿತು. ಹವೆ ಬದಲಾದಾಗಲೆಲ್ಲ ಹಲಗೆ ಹಿಗ್ಗಿ ಕುಗ್ಗಿ ಮೇಜು ನಿಂತುಬಿಡುತ್ತಿತ್ತು. ಆಗ ಕಲಾವಿದೆ ಚಕ್ಕೆಗೆ ಫೋನ್ ಮಾಡುತ್ತಿದ್ದರು. ಮ್ಯೂಸಿಯಮ್ಮಿನವರು ಅವನಿಗೆ "ತಾಂತ್ರಿಕ ಸಲಹೆಗಾರ" ಎಂಬ ಬಿಲ್ಲೆ ಕೊಟ್ಟರು. ಅದನ್ನು ಎದೆಗೆ ಸಿಕ್ಕಿಸಿಕೊಂಡು ತರಕಾರಿ ತರಲು ಹೋಗುತ್ತಿದ್ದ. ಹೆಂಡತಿ ಕೇಳಿದಳು: "ಬದನೆಕಾಯಿಗೆ ಏನು ಸಲಹೆ ಕೊಟ್ರಿ?"

ಕೊನೆಯ ವಾರ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕದ ಮೇಜು ಕುಂಟುತ್ತಿತ್ತು. ಅವನಿಗೆ ಏಳಲು ಆಗುತ್ತಿರಲಿಲ್ಲ. "ಸರಿಸಿ ನೋಡು" ಎಂದ. ಸರಿಸಿದೆ. ನೀರಿನ ಜಗ್ಗು ನನ್ನ ಕಾಲ ಮೇಲೆ ಬಿತ್ತು. ನಕ್ಕರೆ ಎದೆ ನೋಯುತ್ತಿತ್ತು ಅವನಿಗೆ, ಆದರೂ ತುಂಬ ಹೊತ್ತು ನಕ್ಕ. ನಾನು ಅವನನ್ನು ನಗಿಸಿದ್ದು ಅದೇ ಕೊನೆ.

ಕಳೆದ ವಾರ ಮಗಳು ಫೋನ್ ಮಾಡಿದಳು. ಈಗ ಅವಳೇ ಮೇಲ್ವಿಚಾರಕಿ. "ಮಾಮ, ಮೇಜು ನಿಂತುಹೋಗಿದೆ. ಬರ್ತೀರಾ?"

ನನಗೆ ಏನು ಗೊತ್ತು ಎಂದು ಕೇಳಲಿಲ್ಲ, ಹೋದೆ. ಅವಳು ಅಪ್ಪನ ಹಾಗೆಯೇ ಮಂಡಿಯೂರಿ ಅಂಗೈ ನೆಲಕ್ಕಿಟ್ಟಳು. ನಾನು ಪಕ್ಕದಲ್ಲಿ ನಿಂತು "ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ" ಎಂದು ನಿರ್ದೇಶನ ಕೊಟ್ಟೆ. ಅರ್ಧ ಗಂಟೆ ಕಳೆಯಿತು. ಒಂದು ಲೋಟವೂ ಉಸಿರೆತ್ತಲಿಲ್ಲ. ಅವಳು ನೆಲದ ಮೇಲೆ ಕೂತುಬಿಟ್ಟಳು. "ಅಪ್ಪ ಹೋದ್ಮೇಲೆ ಇದೂ ಹೋಯ್ತು ಅನ್ಸುತ್ತೆ" ಎಂದು ಅಳತೊಡಗಿದಳು. ನೀರು ತರೋಣವೆಂದು ನಾನು ಬಾಗಿಲ ಕಡೆ ತಿರುಗಿ ಹೆಜ್ಜೆ ಎತ್ತಿದೆ.

ಟಿಣ್.

ಇಬ್ಬರೂ ನನ್ನ ಕಾಲು ನೋಡಿದೆವು. ಆಮೇಲೆ ನಾನು ಅಷ್ಟು ಹೊತ್ತು ನಿಂತಿದ್ದ ಹಲಗೆಯನ್ನು ನೋಡಿದೆವು. ಅವಳು ಅಳುತ್ತಲೇ ನಗತೊಡಗಿದಳು. ನಾನೂ.

"ಅವನಿದ್ದಿದ್ರೆ ಮೊದಲು ನನ್ನನ್ನ ಹೊರಗೆ ಕಳಿಸ್ತಿದ್ದ" ಎಂದೆ.

ಅವಳು ಮುಖ ಒರೆಸಿಕೊಂಡು ರಿಜಿಸ್ಟರ್ ತೆರೆದಳು. ಸಮಯ ಬರೆದಳು, ಸಂಗತಿ ಬರೆದಳು. "ಕಾರಣ: ಪಂಡಿತ ಅಂತ ಬರಿ" ಎಂದೆ. ಅವಳು ನನ್ನತ್ತ ನೋಡದೆ "ನೆಲ" ಎಂದು ಬರೆದಳು.

ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಆ ಎರಡಕ್ಷರದಲ್ಲಿ ತಪ್ಪಿತ್ತು. ಬಿಟ್ಟುಬಿಟ್ಟೆ.